ಲ್ಯಾಟಿನೊ ಅಧ್ಯಯನ: ವಿಭಾಗದ ಅಳಿವು-ಉಳಿವು ತೀರ್ಮಾನವಾಗುವುದು ಎಲ್ಲಿ?

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ, ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಹೆಚ್ಚಿರುವ ಕಾಲೇಜುಗಳಿಗೆಂದು ಇಟ್ಟಿದ್ದ ಸುಮಾರು 35 ಕೋಟಿ ಡಾಲರ್ ಅನುದಾನವನ್ನು ನಿಲ್ಲಿಸಿತು. ಅದರ ದೊಡ್ಡ ಪಾಲು ಹೋಗಬೇಕಾಗಿದ್ದದ್ದು ‘ಹಿಸ್ಪಾನಿಕ್ ಸರ್ವಿಂಗ್ ಇನ್‌ಸ್ಟಿಟ್ಯೂಷನ್’ ಎಂಬ ಮಾನ್ಯತೆ ಪಡೆದ ಕಾಲೇಜುಗಳಿಗೆ. ಪದವಿ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ 25ರಷ್ಟು ಮಂದಿ ಹಿಸ್ಪಾನಿಕ್ (ಸ್ಪ್ಯಾನಿಷ್ ನುಡಿಯ ನಾಡುಗಳ) ಮೂಲದವರಾಗಿರಬೇಕು ಎಂಬುದು ಈ ಮಾನ್ಯತೆಯ ಮುಖ್ಯ ಷರತ್ತು. ಈ ಶೇಕಡಾವಾರು ಷರತ್ತೇ ಸಂವಿಧಾನಕ್ಕೆ ವಿರುದ್ಧ ಎಂಬುದು ಸರ್ಕಾರದ ವಾದ.

ಸುದ್ದಿ ಹೊರಬಿದ್ದಾಗ ಹಲವರು ಇದನ್ನು ‘ಲ್ಯಾಟಿನೊ ಅಧ್ಯಯನಕ್ಕೆ ಕೊಡಲಿ ಪೆಟ್ಟು’ ಎಂದು ಓದಿಕೊಂಡರು. ಅದು ಸರಿಯಾದ ಓದಲ್ಲ. ಆ ಹಣ ಪ್ರಯೋಗಾಲಯಕ್ಕೆ, ಗಣಿತದಲ್ಲಿ ಹಿಂದೆ ಬಿದ್ದವರ ವಿಶೇಷ ತರಗತಿಗೆ, ವಿದ್ಯಾರ್ಥಿ ಸಲಹೆಗಾರರ ಸಂಬಳಕ್ಕೆ ಹೋಗುತ್ತಿತ್ತು. ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ವಿದ್ಯಾರ್ಥಿಗಳು ಹೆಚ್ಚಿರುವ ಕಾಲೇಜು ಬೇರೆ, ಲ್ಯಾಟಿನೊ ಸಮುದಾಯದ ಇತಿಹಾಸ ಮತ್ತು ಸಂಸ್ಕೃತಿಯನ್ನು ಪಾಠ ಮಾಡುವ ವಿಭಾಗ ಬೇರೆ. ಮೊದಲನೆಯದು ಇದ್ದು ಎರಡನೆಯದು ಇಲ್ಲದ ಕಾಲೇಜುಗಳು ಬೇಕಾದಷ್ಟಿವೆ. ಅನುದಾನ ನಿಂತದ್ದರಿಂದ ವಿದ್ಯಾರ್ಥಿಗಳಿಗೆ ಆಗುವ ನಷ್ಟ ದೊಡ್ಡದೇ. ಆದರೆ ಈ ವಿಭಾಗಗಳು ಉಳಿಯುತ್ತವೋ ಇಲ್ಲವೋ ಎಂಬುದು ಇನ್ನೊಂದು ಕಡೆ ತೀರ್ಮಾನವಾಗುತ್ತಿದೆ: ಎಷ್ಟು ಕಾಯಂ ಹುದ್ದೆ, ಯಾರ ಕೈಯಲ್ಲಿ ಪಠ್ಯಕ್ರಮ, ಪದವಿಗೆ ಈ ಕೋರ್ಸ್ ಕಡ್ಡಾಯವೋ ಐಚ್ಛಿಕವೋ ಎಂಬ ಮೂರು ಪ್ರಶ್ನೆಗಳಲ್ಲಿ.

ಮೊದಲು ಒಂದು ಗೊಂದಲ ಬಿಡಿಸಬೇಕು. ಲ್ಯಾಟಿನ್ ಅಮೆರಿಕ ಅಧ್ಯಯನವೂ ಲ್ಯಾಟಿನೊ ಅಧ್ಯಯನವೂ ಒಂದೇ ಅಲ್ಲ. ಮೊದಲನೆಯದು ಮೆಕ್ಸಿಕೊ, ಪೆರು, ಬ್ರೆಜಿಲ್‌ನಂಥ ಹೊರದೇಶಗಳನ್ನು ಕುರಿತದ್ದು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ, 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯಡಿ ಸರ್ಕಾರವೇ ದುಡ್ಡು ಕೊಟ್ಟು ಬೆಳೆಸಿದ್ದು. ಎರಡನೆಯದು ಅಮೆರಿಕದೊಳಗೇ ಬದುಕುತ್ತಿರುವ ಜನರ ಅಧ್ಯಯನ. 2020ರ ಜನಗಣತಿಯ ಪ್ರಕಾರ ಅವರ ಸಂಖ್ಯೆ 6.21 ಕೋಟಿ, ಅಂದರೆ ದೇಶದ ಜನಸಂಖ್ಯೆಯ ಶೇ 18.7. ಇವರೆಲ್ಲ ಗಡಿ ದಾಟಿ ಬಂದವರೂ ಅಲ್ಲ. 1848ರ ಗ್ವಾಡಲೂಪೆ ಇಡಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೊ ತನ್ನ ನೆಲದ ಅರ್ಧದಷ್ಟನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಾಗ, ಅಲ್ಲಿದ್ದ ಜನ ಇದ್ದಲ್ಲೇ ಇದ್ದರು, ಗಡಿಯೇ ಅವರನ್ನು ದಾಟಿ ಹೋಯಿತು. ಪೋರ್ಟೊ ರಿಕೊ 1898ರಲ್ಲಿ ಅಮೆರಿಕದ ವಶಕ್ಕೆ ಬಂತು. ಅಲ್ಲಿನವರು 1917ರಿಂದ ಅಮೆರಿಕದ ಪ್ರಜೆಗಳು. ಅವರನ್ನು ‘ವಲಸಿಗರು’ ಎಂದು ಬರೆದರೆ ಮೊದಲ ವರ್ಷದ ಪ್ರಬಂಧದಲ್ಲೇ ಅಂಕ ಹೋಗುತ್ತದೆ.

ಹೆಸರಿನ ವಿಷಯಕ್ಕೂ ಇಲ್ಲಿ ಒಂದು ವಾರದ ತರಗತಿ ಮೀಸಲು. 1930ರ ಜನಗಣತಿಯಲ್ಲಿ ‘ಮೆಕ್ಸಿಕನ್’ ಎಂಬುದನ್ನು ಒಂದು ಜನಾಂಗವಾಗಿ ದಾಖಲಿಸಿದರು. ಹಾಗೆ ಮಾಡಿದ್ದು ಅದೊಂದೇ ಸಲ. 1980ರಿಂದ ‘ಹಿಸ್ಪಾನಿಕ್’ ಎಂಬ ಪ್ರಶ್ನೆ ಎಲ್ಲ ಮನೆಗಳಿಗೂ ಹೋಯಿತು. ‘ಚಿಕಾನೊ’ ಎಂಬುದು ಮೆಕ್ಸಿಕನ್ ಮೂಲದ ಹೋರಾಟಗಾರರು ತಾವೇ ಆರಿಸಿಕೊಂಡ ಹೆಸರು. ಸ್ಪ್ಯಾನಿಷ್‌ನಲ್ಲಿ ಗಂಡು-ಹೆಣ್ಣು ಕೂಡಿದ ಗುಂಪಿಗೆ ಪುಲ್ಲಿಂಗದ ಬಹುವಚನವನ್ನೇ ಬಳಸುತ್ತಾರೆ. ನೂರು ಹೆಂಗಸರ ನಡುವೆ ಒಬ್ಬ ಗಂಡಸು ಬಂದರೂ ‘ಲ್ಯಾಟಿನೊಸ್’. ಕನ್ನಡದಲ್ಲಿ ‘ಅವರು’ ಎಂದರೆ ಮುಗಿಯಿತು, ಲಿಂಗದ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಏಳುತ್ತದೆ. ಹಾಗಾಗಿಯೇ ವಿಭಾಗಗಳ ಬೋರ್ಡಿನ ಮೇಲೆ ‘ಲ್ಯಾಟಿನಾ/ಲ್ಯಾಟಿನೊ’, ‘ಲ್ಯಾಟಿನೆಕ್ಸ್’, ‘ಲ್ಯಾಟಿನೆ’ ಎಂದು ಒಂದೊಂದು ಕಡೆ ಒಂದೊಂದು ರೂಪ. ಪ್ಯೂ ಸಂಶೋಧನಾ ಕೇಂದ್ರ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ‘ಲ್ಯಾಟಿನೆಕ್ಸ್’ ಎಂದು ತಮ್ಮನ್ನು ಕರೆದುಕೊಳ್ಳುವವರು ಶೇ 3 ಮಾತ್ರ ಇದ್ದರು. ಸಮುದಾಯದ ಬಹುಪಾಲು ಜನ ಬಳಸದ ಪದವನ್ನು ಬೋರ್ಡಿಗೇರಿಸುವ ಮುನ್ನ ವಿಭಾಗಗಳು ಇನ್ನಷ್ಟು ಯೋಚಿಸಬಹುದಿತ್ತು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಈ ತರಗತಿಯಲ್ಲಿ ನಿಜವಾಗಿ ಏನು ಕಲಿಯುತ್ತಾರೆ ಎಂಬುದನ್ನು ಹತ್ತಿರದಿಂದ ನೋಡೋಣ. 1901ರ ಜೂನ್ 12ರಂದು ಟೆಕ್ಸಸ್‌ನ ಕಾರ್ನ್ಸ್ ಕೌಂಟಿಯಲ್ಲಿ ಗ್ರೆಗೊರಿಯೊ ಕೊರ್ಟೆಸ್ ಎಂಬ ರೈತನ ಮನೆಗೆ ಶೆರಿಫ್ ಬಂದ, ಕುದುರೆ ಕಳ್ಳನನ್ನು ಹುಡುಕಿಕೊಂಡು. ಜೊತೆಗಿದ್ದ ದುಭಾಷಿಯ ಸ್ಪ್ಯಾನಿಷ್ ಅರೆಬರೆ. ‘ಇತ್ತೀಚೆಗೆ ಕುದುರೆ ಬದಲಾಯಿಸಿಕೊಂಡೆಯಾ?’ ಎಂದು ಕೇಳುವಾಗ ಅವನು ‘ಕಬಾಯೊ’ ಎಂಬ ಪದ ಬಳಸಿದ. ಕೊರ್ಟೆಸ್ ‘ಇಲ್ಲ’ ಎಂದ. ಅವನು ಬದಲಾಯಿಸಿಕೊಂಡಿದ್ದು ‘ಯೆಗುವಾ’, ಹೆಣ್ಣು ಕುದುರೆ. ನಮ್ಮಲ್ಲಿ ‘ಕುದುರೆ’ ಎಂದರೆ ಗಂಡೂ ಆಗಬಹುದು, ಹೆಣ್ಣೂ ಆಗಬಹುದು. ಸ್ಪ್ಯಾನಿಷ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಪದ. ನಿಜ ನುಡಿದವನು ಸುಳ್ಳುಗಾರನಾದ. ಮಾತು ಗುಂಡಿಗೆ ತಿರುಗಿತು. ಕೊರ್ಟೆಸ್‌ನ ಅಣ್ಣ ಗಾಯಗೊಂಡ, ಶೆರಿಫ್ ಸತ್ತ. ಹತ್ತು ದಿನ ಬೆನ್ನಟ್ಟಿ ಹಿಡಿದರು. 1913ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ಟರು. ಗಡಿಯ ಜನ ಮಾತ್ರ ಆಗಲೇ ಅವನ ಮೇಲೆ ಹಾಡು ಕಟ್ಟಿದ್ದರು. ಈ ಬಗೆಯ ಕಥನಗೀತೆಗೆ ‘ಕೊರಿಡೊ’ ಎನ್ನುತ್ತಾರೆ. ಟೆಕ್ಸಸ್ ವಿಶ್ವವಿದ್ಯಾಲಯದ ಅಮೆರಿಕೊ ಪಾರೆಡೆಸ್ 1958ರಲ್ಲಿ ಈ ಒಂದು ಕೊರಿಡೊದ ಮೇಲೆ ಪ್ರಕಟಿಸಿದ ಅಧ್ಯಯನ ಇಡೀ ಕ್ಷೇತ್ರಕ್ಕೆ ಅಡಿಪಾಯ ಹಾಕಿತು.

ತರಗತಿಯಲ್ಲಿ ಮೂರು ಬಗೆಯ ಆಕರಗಳನ್ನು ಎದುರುಬದುರು ಇಡುತ್ತಾರೆ: ಕೋರ್ಟಿನ ದಾಖಲೆ, ಅಂದಿನ ಪತ್ರಿಕೆಗಳ ವರದಿ, ಹಾಡಿನ ಬೇರೆ ಬೇರೆ ಪಾಠಾಂತರಗಳು. ಯಾವ ಪಾಠಾಂತರದಲ್ಲಿ ಕುದುರೆಯ ಸಂಗತಿ ಬಿಟ್ಟುಹೋಗಿದೆ, ಯಾವುದರಲ್ಲಿ ಬೆನ್ನಟ್ಟಿದವರ ಸಂಖ್ಯೆ ಉಬ್ಬಿದೆ, ಏಕೆ ಎಂದು ಗುರುತು ಹಾಕಬೇಕು. ವಿದ್ಯಾರ್ಥಿಗಳು ಎಡವುವುದು ಎರಡು ಕಡೆ. ಹಾಡನ್ನೇ ನಡೆದ ಸಂಗತಿ ಎಂದು ನಂಬುವುದು ಒಂದು, ಹಾಡೆಂದರೆ ಕಟ್ಟುಕತೆ ಎಂದು ತಳ್ಳಿಹಾಕುವುದು ಇನ್ನೊಂದು. ಹಲಗಲಿ ಬೇಡರ ಲಾವಣಿಯನ್ನು ಕಂಪನಿ ಸರ್ಕಾರದ ಕಾಗದಪತ್ರಗಳ ಪಕ್ಕದಲ್ಲಿಟ್ಟು ಓದಿದವರಿಗೆ ಈ ಕೆಲಸ ಹೊಸದೆನಿಸದು. ಲಾವಣಿ ಘಟನೆಗಿಂತ ಹೆಚ್ಚಾಗಿ, ಆ ಘಟನೆಯನ್ನು ಜನ ಹೇಗೆ ಅರ್ಥ ಮಾಡಿಕೊಂಡರು ಎಂಬುದಕ್ಕೆ ಸಾಕ್ಷಿ. ಇದನ್ನು ‘ಸಮುದಾಯದ ಹೆಮ್ಮೆಯ ಪಾಠ’ ಎಂದು ಕರೆಯುವವರು ಒಂದು ಪ್ರಶ್ನೆಪತ್ರಿಕೆಯನ್ನಾದರೂ ತೆರೆದು ನೋಡಬೇಕು.

ಇಂಥ ವಿಭಾಗಗಳು ಹುಟ್ಟಿದ್ದು ಮುಷ್ಕರದಿಂದ. 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸ್‌ನ ಹೈಸ್ಕೂಲು ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ತರಗತಿ ಬಿಟ್ಟು ಹೊರಬಂದರು. ಅದೇ ವರ್ಷ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಶುರುವಾದ ಮುಷ್ಕರ 1969ರ ಮಾರ್ಚ್‌ವರೆಗೆ ನಡೆಯಿತು. ಕಪ್ಪು, ಲ್ಯಾಟಿನೊ, ಏಷ್ಯನ್, ಮೂಲನಿವಾಸಿ ವಿದ್ಯಾರ್ಥಿಗಳು ಒಟ್ಟಿಗೆ ನಿಂತಿದ್ದರು. ಅವರ ಬೇಡಿಕೆ ಪಟ್ಟಿಯಲ್ಲಿ ಎಲ್ಲರೂ ಮರೆಯುವ ಒಂದು ಸಾಲಿದೆ: ಈ ಸಮುದಾಯಗಳ ಚರಿತ್ರೆ, ಸಂಸ್ಕೃತಿ ಕಲಿಸುವ ಹೊಸ ‘ಜನಾಂಗೀಯ ಅಧ್ಯಯನ’ ಶಾಲೆಗೆ 50 ಅಧ್ಯಾಪಕ ಹುದ್ದೆ ಕೊಡಬೇಕು. ಹತ್ತೊಂಬತ್ತು-ಇಪ್ಪತ್ತರ ಹುಡುಗರಿಗೆ, ಹುದ್ದೆಯಿಲ್ಲದ ವಿಭಾಗ ಬರೀ ಬೋರ್ಡು ಎಂಬುದು ಅಂದೇ ಗೊತ್ತಿತ್ತು. ಆ ಪಟ್ಟಿಯನ್ನು ಓದುವಾಗ ಗೌರವ ಮೂಡದೆ ಇರುವುದಿಲ್ಲ. ಅಲ್ಲಿನ ಜನಾಂಗೀಯ ಅಧ್ಯಯನ ಕಾಲೇಜು ಇಂದಿಗೂ ನಡೆಯುತ್ತಿದೆ. ಅದೇ 1969ರಲ್ಲಿ ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್‌ನಲ್ಲಿ ಚಿಕಾನೊ ವಿಭಾಗ ಬಂತು. ಈಗ ನ್ಯೂಯಾರ್ಕಿನ ಹಂಟರ್ ಕಾಲೇಜಿನಲ್ಲಿರುವ ಪೋರ್ಟೊ ರಿಕೊ ಅಧ್ಯಯನ ಕೇಂದ್ರ ಶುರುವಾದದ್ದು 1973ರಲ್ಲಿ.

ಹುದ್ದೆಯ ಈ ಮಾತನ್ನು ಸ್ವಲ್ಪ ಬಿಡಿಸಬೇಕು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ‘ಪ್ರೋಗ್ರಾಂ’ ಬೇರೆ, ‘ಡಿಪಾರ್ಟ್‌ಮೆಂಟ್’ ಬೇರೆ. ನಮ್ಮಲ್ಲಿ ‘ಪೀಠ’ಕ್ಕೂ ‘ವಿಭಾಗ’ಕ್ಕೂ ಇರುವ ಅಂತರ ಬಲ್ಲವರಿಗೆ ಇದು ಬೇಗ ಹಿಡಿಯುತ್ತದೆ. ಪ್ರೋಗ್ರಾಂಗೆ ಒಬ್ಬ ನಿರ್ದೇಶಕರು, ಒಂದು ಕೋಣೆ, ಒಂದಿಷ್ಟು ಹಣ ಇರುತ್ತದೆ. ಪಾಠ ಮಾಡುವವರು ಇತಿಹಾಸ, ಸಮಾಜಶಾಸ್ತ್ರ, ಸ್ಪ್ಯಾನಿಷ್ ವಿಭಾಗಗಳಿಂದ ಎರವಲು ಬಂದವರು. ಇತಿಹಾಸ ವಿಭಾಗದ ಮುಖ್ಯಸ್ಥರು ‘ಈ ಸೆಮಿಸ್ಟರ್ ನಮಗೇ ಅವರು ಬೇಕು’ ಎಂದರೆ ಕೋರ್ಸ್ ನಿಂತಂತೆಯೇ. ಆ ಅಧ್ಯಾಪಕರು ನಿವೃತ್ತರಾದಾಗ ಖಾಲಿಯಾದ ಹುದ್ದೆ ಇತಿಹಾಸಕ್ಕೆ ಹೋಗುತ್ತದೆ. ಅವರು ಮಧ್ಯಯುಗದ ಯುರೋಪಿನ ತಜ್ಞರನ್ನು ತಂದರೂ ಕೇಳುವ ಹಕ್ಕು ಪ್ರೋಗ್ರಾಂಗೆ ಇಲ್ಲ.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ (ಯುಸಿಎಲ್‌ಎ) ನಡೆದದ್ದು ಇದೇ. 1973ರಿಂದ ಅಲ್ಲಿ ಚಿಕಾನೊ ಅಧ್ಯಯನದ ಪ್ರೋಗ್ರಾಂ ಇತ್ತು, ಸ್ವಂತ ಅಧ್ಯಾಪಕರಿರಲಿಲ್ಲ. 1993ರ ಏಪ್ರಿಲ್‌ನಲ್ಲಿ ಕುಲಪತಿ ‘ವಿಭಾಗ ಮಾಡುವುದಿಲ್ಲ’ ಎಂದರು. ಮೇ ಕೊನೆಯಲ್ಲಿ ವಿದ್ಯಾರ್ಥಿಗಳು ಉಪವಾಸ ಕೂತರು. ಹದಿನಾಲ್ಕು ದಿನಗಳ ಉಪವಾಸದ ಕೊನೆಗೆ ಸಿಕ್ಕಿದ್ದು ‘ವಿಭಾಗ’ ಎಂಬ ಹೆಸರಲ್ಲ, ಹೊಲಗೆಲಸದ ಕೂಲಿಗಳ ನಾಯಕರಾಗಿದ್ದ ಸೆಸರ್ ಚಾವೆಸ್ ಹೆಸರಿನ ಕೇಂದ್ರ. ಆದರೆ ಅದಕ್ಕೆ ಸ್ವಂತ ಹುದ್ದೆಗಳಿದ್ದವು. ಹೆಸರು ಬಿಟ್ಟು ಹುದ್ದೆ ಹಿಡಿದದ್ದು ಜಾಣತನವಾಯಿತು. 2005ರಲ್ಲಿ ಆ ಕೇಂದ್ರವೇ ಪೂರ್ಣ ವಿಭಾಗವಾಯಿತು. ಈಗ ಅದರ ಹೆಸರಿನಲ್ಲಿ ಮಧ್ಯ ಅಮೆರಿಕವೂ ಸೇರಿದೆ, ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲಾ ಮೂಲದ ವಿದ್ಯಾರ್ಥಿಗಳು ಕೇಳಿ ಪಡೆದದ್ದು.

ಹುದ್ದೆ ಇದ್ದರೂ ತೊಂದರೆ ತಪ್ಪುವುದಿಲ್ಲ. ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂಬ ಜಂಟಿ ನೇಮಕಾತಿಯಲ್ಲಿ ಹೊಸ ಅಧ್ಯಾಪಕರಿಗೆ ಎರಡು ವಿಭಾಗಗಳ ಸಭೆ, ಎರಡು ಕಡೆಯ ಸಮಿತಿ ಕೆಲಸ. ಕಾಯಂ ಆಗುವ ಹೊತ್ತಿಗೆ ಎರಡೂ ಕಡೆಯ ಹಿರಿಯರು ಒಪ್ಪಬೇಕು. ಒಬ್ಬರು ‘ಇದು ಸಮಾಜಶಾಸ್ತ್ರ ಅಲ್ಲ’ ಎಂದರೆ ಆರು ವರ್ಷದ ದುಡಿಮೆ ನೀರಿಗೆ ಬಿದ್ದಂತೆ. ಇನ್ನೊಂದು ಸುಳಿ ಹೀಗೆ ತಿರುಗುತ್ತದೆ: ಪರಿಚಯ ಕೋರ್ಸಿಗೆ ಸೀಟು ಸಾಲುವುದಿಲ್ಲ, ಅತಿಥಿ ಉಪನ್ಯಾಸಕರ ಕೈಯಲ್ಲಿ ಪಾಠ ನಡೆಯುತ್ತದೆ. ಮೂರನೇ, ನಾಲ್ಕನೇ ವರ್ಷದ ಕೋರ್ಸಿಗೆ ಹತ್ತು-ಹನ್ನೆರಡು ಮಂದಿ ಮಾತ್ರ ಬರುತ್ತಾರೆ, ‘ಸಂಖ್ಯೆ ಕಡಿಮೆ’ ಎಂದು ಅದು ರದ್ದಾಗುತ್ತದೆ. ರದ್ದಾದ ಕೋರ್ಸ್ ನಂಬಿಕೊಂಡಿದ್ದವರಿಗೆ ಸಮಯಕ್ಕೆ ಪದವಿ ಮುಗಿಯುವುದಿಲ್ಲ. ಮುಂದಿನ ವರ್ಷ ಇದನ್ನು ಮುಖ್ಯ ವಿಷಯವಾಗಿ ಆರಿಸಿಕೊಳ್ಳುವವರು ಇನ್ನೂ ಕಡಿಮೆಯಾಗುತ್ತಾರೆ. ವಿಭಾಗವನ್ನು ಅಳೆಯುವಾಗ ಪದವಿ ಪಡೆದವರ ತಲೆ ಎಣಿಸುತ್ತಾರೋ, ತರಗತಿಯಲ್ಲಿ ಕೂತವರ ತಲೆ ಎಣಿಸುತ್ತಾರೋ ಎಂಬುದರ ಮೇಲೆ ಅದೇ ವಿಭಾಗ ಸೋತದ್ದಾಗಿಯೂ ಗೆದ್ದದ್ದಾಗಿಯೂ ಕಾಣಬಹುದು.

ಕಾನೂನುಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. 2020ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಆಡಳಿತ ಮಂಡಳಿ ‘ಜನಾಂಗೀಯ ಅಧ್ಯಯನ ಮತ್ತು ಸಾಮಾಜಿಕ ನ್ಯಾಯ’ ಎಂಬ ಕಡ್ಡಾಯ ಕೋರ್ಸಿಗೆ ಒಪ್ಪಿಗೆ ಕೊಟ್ಟಿತು. ಕೇಳಲು ಚೆನ್ನಾಗಿತ್ತು. ಆದರೆ ಆ ನಿಯಮದಲ್ಲಿ ಯಾವ ವಿಭಾಗದ ಸಾಮಾಜಿಕ ನ್ಯಾಯದ ಕೋರ್ಸನ್ನಾದರೂ ಓದಿ ಮುಗಿಸಬಹುದಿತ್ತು. ಒಂದು ತಿಂಗಳೊಳಗೆ, ಆಗಸ್ಟ್‌ನಲ್ಲಿ, ಶಾಸಕಿ ಶರ್ಲಿ ವೆಬರ್ ಮಂಡಿಸಿದ್ದ ಎಬಿ 1460 ಕಾಯ್ದೆಗೆ ಗವರ್ನರ್ ಸಹಿ ಬಿತ್ತು. ಆಗ 23 ಕ್ಯಾಂಪಸ್, ನಾಲ್ಕು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದ ವ್ಯವಸ್ಥೆಯಲ್ಲಿ ಪ್ರತಿ ಪದವಿ ವಿದ್ಯಾರ್ಥಿಯೂ ಮೂರು ಯೂನಿಟ್‌ನ ಒಂದು ಕೋರ್ಸ್ ಓದಲೇಬೇಕು: ಮೂಲನಿವಾಸಿ, ಆಫ್ರಿಕನ್ ಅಮೆರಿಕನ್, ಏಷ್ಯನ್ ಅಮೆರಿಕನ್, ಲ್ಯಾಟಿನಾ/ಲ್ಯಾಟಿನೊ ಈ ನಾಲ್ಕರಲ್ಲಿ ಒಂದು. ಜಾರಿ ನಿಯಮದಲ್ಲಿ ಕೋರ್ಸಿನ ಸಂಕೇತಾಕ್ಷರ (ಅದು ಯಾವ ವಿಭಾಗದ್ದು ಎಂದು ತೋರಿಸುವ ಅಕ್ಷರಗಳು) ಈ ವಿಭಾಗಗಳದ್ದೇ ಆಗಿರಬೇಕು, ಇಲ್ಲವೇ ಅವುಗಳ ಜೊತೆ ಜಂಟಿಯಾಗಿ ನೋಂದಾಯಿತವಾಗಿರಬೇಕು; ಗೊತ್ತುಪಡಿಸಿದ ಐದು ಕಲಿಕಾ ಗುರಿಗಳಲ್ಲಿ ಕನಿಷ್ಠ ಮೂರನ್ನು ಮುಟ್ಟಬೇಕು. ಸಂಕೇತಾಕ್ಷರದ ಈ ಒಂದು ಸಾಲಿನಿಂದಲೇ ಸೀಟುಗಳು, ಸೀಟುಗಳ ಹಿಂದೆ ಹುದ್ದೆಗಳು ಈ ವಿಭಾಗಗಳಿಗೆ ಬಂದವು.

ಫ್ಲಾರಿಡಾ ಇದರ ಕನ್ನಡಿ ಬಿಂಬ. 2023ರ ಎಸ್‌ಬಿ 266 ಈ ವಿಷಯಗಳನ್ನು ನಿಷೇಧಿಸಲಿಲ್ಲ. ‘ಐಡೆಂಟಿಟಿ ಪಾಲಿಟಿಕ್ಸ್’ (ಗುರುತಿನ ರಾಜಕಾರಣ) ಕಲಿಸುವ ಕೋರ್ಸುಗಳು ಎಲ್ಲರೂ ಓದಲೇಬೇಕಾದ ಸಾಮಾನ್ಯ ಶಿಕ್ಷಣದ ಪಟ್ಟಿಯಲ್ಲಿ ಇರಬಾರದು ಎಂದಿತು, ಅಷ್ಟೇ. ಪಟ್ಟಿಯಿಂದ ಬಿದ್ದ ಕೋರ್ಸಿಗೆ ಎಂಜಿನಿಯರಿಂಗ್, ನರ್ಸಿಂಗ್ ವಿದ್ಯಾರ್ಥಿಗಳು ಬರುವುದಿಲ್ಲ. ಟೆಕ್ಸಸ್‌ನಲ್ಲಿ 2025ರ ಎಸ್‌ಬಿ 37, ಸಾಮಾನ್ಯ ಶಿಕ್ಷಣದ ಪಠ್ಯಕ್ರಮ ಪರಿಶೀಲಿಸುವ ಅಧಿಕಾರವನ್ನು ಸರ್ಕಾರ ನೇಮಿಸುವ ಆಡಳಿತ ಮಂಡಳಿಗಳಿಗೆ ಕೊಟ್ಟಿತು. ವಿದ್ಯಾರ್ಥಿಗಳು ಕಡಿಮೆಯಿರುವ ಮೈನರ್ ಮತ್ತು ಸರ್ಟಿಫಿಕೇಟ್ ಕೋರ್ಸುಗಳ ಪರಾಮರ್ಶೆಯನ್ನೂ ಸೇರಿಸಿತು. ಮೇಲೆ ಹೇಳಿದ ಸುಳಿಗೆ ಸಿಕ್ಕ ವಿಭಾಗ ಇಂಥ ಪರಾಮರ್ಶೆಯ ಮುಂದೆ ಹೇಗೆ ನಿಂತೀತು?

ಬಾಯಿ ಬಿಟ್ಟು ನಿಷೇಧಿಸಿದ ಅರಿಜೋನಾ ಮಾತ್ರ ಕೋರ್ಟಿನಲ್ಲಿ ಸೋತಿತು. 2010ರ ಎಚ್‌ಬಿ 2281 ಬಳಸಿ ಟೂಸಾನ್ ಶಾಲೆಗಳ ಮೆಕ್ಸಿಕನ್ ಅಮೆರಿಕನ್ ಪಾಠಗಳನ್ನು 2012ರ ಜನವರಿಯಲ್ಲಿ ನಿಲ್ಲಿಸಿದರು. ಏಳು ಪುಸ್ತಕಗಳನ್ನು ತರಗತಿಯಿಂದ ಎತ್ತಿ ಡಬ್ಬಕ್ಕೆ ತುಂಬಿದರು. 2017ರಲ್ಲಿ ನ್ಯಾಯಾಧೀಶ ವಾಲೇಸ್ ತಶೀಮಾ, ಇದರ ಹಿಂದೆ ಜನಾಂಗದ್ವೇಷವಿತ್ತು ಎಂದು ತೀರ್ಪು ಕೊಟ್ಟರು. ಪಾಠ ನಿಂತು ಆಗ ಐದು ವರ್ಷವಾಗಿತ್ತು. ಆ ಸೋಲಿನ ಪಕ್ಕದಲ್ಲಿಟ್ಟು ನೋಡಿದರೆ, ಇಂದಿನ ಕಾನೂನುಗಳು ನಿಷೇಧದ ಮಾತು ಬಿಟ್ಟು ಪಟ್ಟಿ, ಸಂಖ್ಯೆ, ಪರಾಮರ್ಶೆಯ ದಾರಿ ಹಿಡಿದಿರುವುದು ಕಾಣುತ್ತದೆ. ಆ ದಾರಿಯನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಬಹಳ ಕಷ್ಟ.

ವಿಷಯದ ಪರ ಇರುವವರೂ ಒಂದು ತಪ್ಪು ಮಾಡುತ್ತಾರೆ. ಸ್ಟ್ಯಾನ್‌ಫರ್ಡ್‌ನ ಥಾಮಸ್ ಡೀ ಮತ್ತು ಜೊತೆಗಾರರು ಸ್ಯಾನ್ ಫ್ರಾನ್ಸಿಸ್ಕೊ ಹೈಸ್ಕೂಲುಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಜನಾಂಗೀಯ ಅಧ್ಯಯನದ ಕೋರ್ಸಿನಿಂದ ಹಾಜರಾತಿ 21 ಶೇಕಡಾಂಶ, ಅಂಕ ಸರಾಸರಿ (4ರ ಅಳತೆಯಲ್ಲಿ) 1.4 ಏರಿತು. ಈ ಅಂಕಿಗಳನ್ನು ವಿಶ್ವವಿದ್ಯಾಲಯದ ಚರ್ಚೆಗಳಲ್ಲೂ ಎತ್ತಿ ಹೇಳುತ್ತಾರೆ. ಆದರೆ ಅದು ಒಂಬತ್ತನೇ ತರಗತಿಯ, ಹಿಂದಿನ ವರ್ಷ ಸರಾಸರಿ 2.0ರ ಆಸುಪಾಸಿನಲ್ಲಿದ್ದ ಮಕ್ಕಳ ಲೆಕ್ಕ. ಎಲ್ಲ ವಿದ್ಯಾರ್ಥಿಗಳಿಗೂ ಅದನ್ನು ಹಚ್ಚಿದರೆ ವಿರೋಧಿಗಳಿಗೆ ನಾವೇ ಅಸ್ತ್ರ ಕೊಟ್ಟಂತೆ. ಈ ಓದಿನ ಪ್ರಯೋಜನಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೆ ಕಡೆ ಇದೆ: ಕಳೆದುಹೋಗುವ ಬದುಕುಗಳನ್ನು ದಾಖಲಿಸುವ ಕೆಲಸದಲ್ಲಿ.

1942ರಿಂದ 1964ರವರೆಗೆ ‘ಬ್ರಸೆರೊ’ ಯೋಜನೆಯಡಿ ಮೆಕ್ಸಿಕೊದಿಂದ ಹೊಲಗೆಲಸಕ್ಕೆ, ರೈಲು ಹಳಿ ಕೆಲಸಕ್ಕೆ ಸುಮಾರು 46 ಲಕ್ಷ ಗುತ್ತಿಗೆಗಳಾದವು. ಆರಂಭದ ವರ್ಷಗಳಲ್ಲಿ ಕೂಲಿಯ ಶೇ 10ರಷ್ಟನ್ನು ಹಿಡಿದಿಟ್ಟು, ಊರಿಗೆ ಹೋದ ಮೇಲೆ ಕೊಡುವುದಾಗಿ ಮೆಕ್ಸಿಕೊದ ಬ್ಯಾಂಕುಗಳಿಗೆ ಕಳಿಸುತ್ತಿದ್ದರು. ಹೆಚ್ಚಿನವರಿಗೆ ಆ ದುಡ್ಡು ಸಿಗಲಿಲ್ಲ. 2008ರಲ್ಲಿ ಕೋರ್ಟ್ ಮುಖಾಂತರ ರಾಜಿಯಾಗಿ, ಅಮೆರಿಕದಲ್ಲಿದ್ದ ಅರ್ಹರಿಗೆ ತಲಾ 3,500 ಡಾಲರ್ ಕೊಡಲು ಮೆಕ್ಸಿಕೊ ಸರ್ಕಾರ ಒಪ್ಪಿತು. ಎಂಬತ್ತು ದಾಟಿದ ಮುದುಕರು ಅರುವತ್ತು ವರ್ಷ ಹಿಂದಿನ ಗುತ್ತಿಗೆ ಪತ್ರ, ಕೂಲಿ ಚೀಟಿ ತೋರಿಸಬೇಕಿತ್ತು. ಟ್ರಂಕಿನ ತಳದಲ್ಲಿ ಇಟ್ಟುಕೊಂಡವರಿಗೆ ಹಣ ಸಿಕ್ಕಿತು, ಪ್ರವಾಹದಲ್ಲೋ ಮನೆ ಬದಲಾಯಿಸುವಾಗಲೋ ಕಳೆದುಕೊಂಡವರಿಗೆ ಇಲ್ಲ. ಸ್ಮಿತ್‌ಸೋನಿಯನ್ ಸಂಸ್ಥೆ, ಟೆಕ್ಸಸ್‌ನ ಎಲ್ ಪಾಸೊ ನಗರದಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯ ಮೊದಲಾದವು ಸೇರಿ ಕಟ್ಟಿದ ಬ್ರಸೆರೊ ಸಂಗ್ರಹದಲ್ಲಿ ನೂರಾರು ಮೌಖಿಕ ಸಂದರ್ಶನಗಳಿವೆ.

ಈ ಸಂದರ್ಶನ ಮಾಡುವುದನ್ನೂ ವಿಭಾಗದಲ್ಲಿ ಕಲಿಸುತ್ತಾರೆ. ಲಿಖಿತ ಒಪ್ಪಿಗೆಯನ್ನು ಮಾತನಾಡುವವರ ಭಾಷೆಯಲ್ಲೇ ಪಡೆಯಬೇಕು. ‘ಹೇಗಿತ್ತು?’ ಎಂದು ಕೇಳಿದರೆ ‘ಕಷ್ಟ ಇತ್ತು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ‘ಬೆಳಿಗ್ಗೆ ಎಷ್ಟು ಹೊತ್ತಿಗೆ ಎಬ್ಬಿಸುತ್ತಿದ್ದರು, ತಿನ್ನಲು ಏನಿತ್ತು, ಚೀಟಿಯಲ್ಲಿ ಯಾವ ಯಾವ ಕಡಿತ ಇರುತ್ತಿತ್ತು?’ ಎಂದು ಕೇಳಬೇಕು. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ; ಇಂಗ್ಲಿಷ್-ಸ್ಪ್ಯಾನಿಷ್ ಬೆರೆತ ಮಾತನ್ನು ತಿದ್ದದೆ ಹಾಗೇ ಇಳಿಸಬೇಕು. ಎಲ್ಲಕ್ಕಿಂತ ಮುಖ್ಯ ಇಂದಿನ ಎಚ್ಚರ: ಕಾಗದಪತ್ರ ಇಲ್ಲದೆ ನೆಲೆಸಿರುವವರ ಹೆಸರು, ವಿಳಾಸ, ವಲಸೆ ಸ್ಥಿತಿ ಧ್ವನಿಮುದ್ರಣಕ್ಕೆ ಬರಲೇಬಾರದು. ಬಾಸ್ಟನ್ ಕಾಲೇಜು ಗೋಪ್ಯವಾಗಿಟ್ಟಿದ್ದ ಉತ್ತರ ಐರ್ಲೆಂಡ್ ಸಂಘರ್ಷದಲ್ಲಿ ಪಾಲ್ಗೊಂಡವರ ಸಂದರ್ಶನಗಳಿಗೆ 2011ರಲ್ಲಿ ಸಮನ್ಸ್ ಬಂತು. ವಿಶ್ವವಿದ್ಯಾಲಯ ಕೊಟ್ಟ ಗೋಪ್ಯತೆಯ ಮಾತು ಕೋರ್ಟಿನ ಮುಂದೆ ನಿಲ್ಲಲಾರದು ಎಂದು ಆಗಲೇ ಗೊತ್ತಾಗಿದೆ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಸ್ಯಾನ್ ಹೋಸೆ ಸ್ಟೇಟ್‌ನಂಥ ಕಡೆ ಪದವಿಗೆ ಸೇರಿದರೆ ಮೇಲೆ ಹೇಳಿದ ಮೂರು ಯೂನಿಟ್ ಅವರಿಗೂ ಕಡ್ಡಾಯ. ಬೆಂಗಳೂರಿನಿಂದ ಎಂಎಸ್ ಮಾಡಲು ಹೋದವರಿಗೆ ಅನ್ವಯಿಸುವುದಿಲ್ಲ. ಪದವಿಯವರು ಆ ಕೋರ್ಸನ್ನು ಮೊದಲೇ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಮುಗಿಸಿಕೊಳ್ಳಬಹುದು. 2025ರಿಂದ ಈ ವರ್ಗಕ್ಕೆ ‘ಏರಿಯಾ 6’ ಎಂದು ಹೆಸರು, ಹಿಂದಿನ ಪಟ್ಟಿಗಳಲ್ಲಿ ‘ಏರಿಯಾ ಎಫ್’ ಎಂದಿರುತ್ತದೆ. ಸೇರುವ ಮುನ್ನ ಆ ಗುರುತು ಇದೆಯೇ ನೋಡಿಕೊಳ್ಳಬೇಕು. ಪರಿಚಯ ಕೋರ್ಸಿಗೆ ಸಾಮಾನ್ಯವಾಗಿ ಸ್ಪ್ಯಾನಿಷ್ ಬೇಕಿಲ್ಲ, ಮುಂದುವರಿದರೆ ಬೇಕು. ಮನೆಯಲ್ಲಿ ಸ್ಪ್ಯಾನಿಷ್ ಆಡಿ ಬೆಳೆದ ಮಕ್ಕಳಿಗೆ ಪ್ರತ್ಯೇಕ ತರಗತಿಯೇ ಇದೆ. ಅವರು ಸರಾಗ ಮಾತನಾಡುತ್ತಾರೆ, ಬರೆಯುವಾಗ ‘ಅ ಬೆರ್’ (a ver) ಮತ್ತು ‘ಅಬೆರ್’ (haber) ಎಂಬ ಒಂದೇ ಉಚ್ಚಾರದ ಎರಡು ಪದಗಳನ್ನು ಅದಲುಬದಲು ಮಾಡುತ್ತಾರೆ, ಏಕೆಂದರೆ ಆ ಭಾಷೆಯಲ್ಲಿ ‘ಎಚ್’ ಅಕ್ಷರಕ್ಕೆ ಧ್ವನಿಯಿಲ್ಲ, ‘ಬಿ’ ಮತ್ತು ‘ವಿ’ಗಳ ಉಚ್ಚಾರ ಒಂದೇ. ‘ಹಾಲು’, ‘ಆಲು’ಗಳ ನಡುವೆ ತಡವರಿಸುವ ಕನ್ನಡದ ಮಕ್ಕಳನ್ನು ಕಂಡವರಿಗೆ ಆ ಕಷ್ಟ ಗೊತ್ತು. ಇಂಥವರನ್ನು ಹೊಸಬರ ಜೊತೆ ಕೂರಿಸಿದರೆ ಬೇಸತ್ತು ಬಿಡುತ್ತಾರೆ.

ಈ ಓದಿನಲ್ಲಿ ಭಾರತಕ್ಕೂ ಒಂದು ಬಾಗಿಲಿದೆ. 1910ರ ದಶಕದಿಂದ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆಯುತ್ತಿದ್ದ ಪಂಜಾಬಿ ಗಂಡಸರು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. 1917ರ ವಲಸೆ ಕಾಯ್ದೆಯಿಂದಾಗಿ ಊರಿನಿಂದ ಹೆಂಡತಿಯನ್ನು ಕರೆತರುವಂತಿರಲಿಲ್ಲ; ಬಿಳಿಯರನ್ನು ಮದುವೆಯಾಗಲು 1948ರವರೆಗೂ ರಾಜ್ಯದ ಕಾನೂನು ಅಡ್ಡ. ಕೌಂಟಿಯ ಗುಮಾಸ್ತ ಪರವಾನಗಿ ಬರೆಯುವಾಗ ಇಬ್ಬರ ಮುಖ ನೋಡಿ ಜನಾಂಗದ ಜಾಗದಲ್ಲಿ ‘ಕಂದು’ ಎಂದು ತುಂಬಿಬಿಡುತ್ತಿದ್ದ, ಮದುವೆಗೆ ದಾರಿಯಾಗುತ್ತಿತ್ತು. ಇಂಥ ನೂರಾರು ಕುಟುಂಬಗಳ ಚರಿತ್ರೆ ಆ ಪರವಾನಗಿಗಳಲ್ಲಿ, ಚರ್ಚಿನ ಜ್ಞಾನಸ್ನಾನದ ಪುಸ್ತಕಗಳಲ್ಲಿ, ಗುರುಮುಖಿಯಲ್ಲಿ ಬಂದ ಊರಿನ ಪತ್ರಗಳಲ್ಲಿ ಚದುರಿದೆ. ಒಂದೇ ಮನುಷ್ಯನ ಹೆಸರು ಒಂದೊಂದು ಕಡೆ ಒಂದೊಂದು ಬಗೆ. ಸ್ಪ್ಯಾನಿಷ್ ಬಲ್ಲವರಿಗೆ ಅರ್ಧ ಸಿಗುತ್ತದೆ, ಪಂಜಾಬಿ ಬಲ್ಲವರಿಗೆ ಇನ್ನರ್ಧ. ಎರಡನ್ನೂ ಕಲಿಸಿ, ನಾಲ್ಕಾರು ವರ್ಷ ಆ ಕಾಗದಗಳ ಮುಂದೆ ಕೂರಿಸಲು ಕಾಯಂ ಅಧ್ಯಾಪಕರಿರುವ ವಿಭಾಗವೇ ಬೇಕು.